ಹೊಸನಗರದ ಸಂಜೆ ಬ್ಯಾಚು

ಕೋಚಿಂಗ್ ಸೆಂಟರ್ ತೆರೆಯಬೇಕೆಂದು ಹೊರಟವರು ಈಗಲೂ ತಿಂಗಳಿಗೊಬ್ಬರಾದರೂ ಸಾಗರದ ನಮ್ಮ ಮನೆಯ ಬಾಗಿಲು ತಟ್ಟುತ್ತಾರೆ. ಬಿ.ಎಡ್. ಮುಗಿಸಿದ ಹುಡುಗಿಯರು, ಖಾಸಗಿ ಶಾಲೆಯ ಕೆಲಸ ಬಿಟ್ಟು ಬಂದ ಹುಡುಗರು. ಗಣಿತವನ್ನು ಹೇಗೆ ಹೇಳಿಕೊಡಬೇಕೆಂದು ಯಾರೂ ಕೇಳುವುದಿಲ್ಲ. "ಸರ್, ಮೂರು ತಾಲ್ಲೂಕಲ್ಲಿ ಕ್ಲಾಸ್ ನಡೆಸಿಯೂ ದಿನಾ ಐದು ಗಂಟೆಗೆ ಮನೇಲಿ ಇರ್ತಿದ್ರಂತಲ್ಲ, ಅದು ಹೆಂಗೆ ಸಾಧ್ಯ ಆಯ್ತು?" ಎಂದು ಕೇಳುತ್ತಾರೆ. ನಾನು ಕಾಫಿ ಕೊಟ್ಟು, ನಾಲ್ಕು ನಗೆಮಾತು ಹೇಳಿ ಕಳಿಸಿಬಿಡುತ್ತಿದ್ದೆ. ನಿಜ ಹೇಳಬೇಕಾದರೆ ಎದುರಿಗೆ ಕೂತವರ ಮುಖ ನೋಡಬೇಕಾಗುತ್ತದೆ. ಬರೆಯುವಾಗ ಆ ಕಷ್ಟವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ವೃತ್ತಿಯಲ್ಲಿ ನನಗೆ ಅಕ್ಷರಾಭ್ಯಾಸ ಮಾಡಿಸಿದವರು ಸಾಗರದಲ್ಲಿ ಟ್ಯುಟೋರಿಯಲ್ ನಡೆಸುತ್ತಿದ್ದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ದೊಡ್ಡ ಮಾಸ್ತರು ಎನ್ನುತ್ತಿದ್ದರು. ಒಂಬತ್ತು ವರ್ಷ ಅವರ ಕೈಕೆಳಗೆ ದುಡಿದೆ. ಬೆಳಿಗ್ಗೆ ಐದೂವರೆಗೆ ಅವರ ಮೊದಲ ಪಾಠ, ರಾತ್ರಿ ಊಟದ ಹೊತ್ತಿಗೆ ಕೊನೆಯದು. ನಡುವೆ ಬಿಡುವಿದ್ದರೆ ನಮ್ಮಂಥ ಚಿಕ್ಕ ಮಾಸ್ತರರಿಗೆ ಬೈಗುಳದ ಪಾಠ. "ಸೀಮೆಸುಣ್ಣ ಹಿಡಿಯೋದು ಹಿಂಗಾ? ಬೀಡಿ ಹಿಡಿದಂಗೆ ಹಿಡಿದಿದ್ದೀಯಲ್ಲ ಮಾರಾಯ" ಎಂದು ಹುಡುಗರ ಎದುರಿಗೇ ಜಾಡಿಸುವರು. ಬೈದ ಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸುವರು.

ಒಂದು ಜೂನಿನಲ್ಲಿ ಎಂಟನೇ ತರಗತಿಯ ಹೊಸ ಬ್ಯಾಚು ಶುರುವಾಯಿತು. ಹಾಜರಿ ಪುಸ್ತಕ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡ ಮಾಸ್ತರು ಎರಡನೇ ಸಾಲಿನ ಒಬ್ಬ ಹುಡುಗನನ್ನು ಎಬ್ಬಿಸಿ, "ಹೊಸಬನಾ? ಯಾರ ಮಗನೋ ನೀನು?" ಎಂದರು. ಹುಡುಗ ಎದ್ದು ನಿಂತು, ತಲೆ ಕೆರೆದುಕೊಂಡು, "ನಿಮ್ಮವನೇ ಸರ್" ಎಂದ. ಅವನು ಅವರ ಮೂರನೆಯ ಮಗ. ತರಗತಿ ಗೊಳ್ಳೆಂದಿತು. ಮಾಸ್ತರೂ ನಕ್ಕರು. ನಕ್ಕು ಹಲಗೆಯ ಕಡೆ ತಿರುಗಿದವರು ಖಾಲಿ ಹಲಗೆಯನ್ನೇ ಒರೆಸತೊಡಗಿದರು.

ನನಗೆ ಆಗ ಹೊಸದಾಗಿ ಮದುವೆಯಾಗಿತ್ತು. ನನ್ನ ಮನೆಯಲ್ಲಿ ಇಂಥ ಪ್ರಶ್ನೆ ಬರಕೂಡದು ಎಂದು ಅಲ್ಲೇ ನಿಂತು ಶಪಥ ಮಾಡಿದೆ. ಶಪಥ ಒಳ್ಳೆಯದೇ ಇತ್ತು. ಅದನ್ನು ಉಳಿಸಿಕೊಂಡ ರೀತಿಯಲ್ಲಿ ನನ್ನ ಮರ್ಯಾದೆ ಹೋಯಿತು.

ಸ್ವಂತ ಸೆಂಟರ್ ಶುರುಮಾಡುವ ಹೊತ್ತಿಗೆ ಮಗಳು ಚೈತ್ರ ಎರಡನೇ ತರಗತಿಯಲ್ಲಿದ್ದಳು. ಒಂದು ಭಾನುವಾರ ನಡುಮನೆಯಲ್ಲಿ ಚಾರ್ಟ್ ಹಾಳೆ ಹರವಿ, ವಾರದ ಏಳು ದಿನಗಳಿಗೆ ಗೆರೆ ಹಾಕಿ, ಮಗಳ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ಹಸಿರು ತೆಗೆದು, ಮೊದಲು ಮನೆಯವರ ಜೊತೆ ಇರುವ ಹೊತ್ತಿಗೆ ಬಣ್ಣ ಬಳಿದೆ. ಸಂಜೆ ಐದರ ನಂತರ ಎಲ್ಲ ದಿನವೂ ಹಸಿರು. ಭಾನುವಾರ ಇಡೀ ಹಸಿರು. ಉಳಿದ ಬಿಳಿ ಜಾಗದಲ್ಲಿ ಕೆಲಸ ತುರುಕಿದೆ. ಬೆಳಿಗ್ಗೆ ಸಾಗರದಲ್ಲಿ. ಮಂಗಳವಾರ, ಗುರುವಾರ ಹತ್ತರಿಂದ ಎರಡರವರೆಗೆ ಹೊಸನಗರದಲ್ಲಿ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ. ಶನಿವಾರ ತೀರ್ಥಹಳ್ಳಿ, ಅಲ್ಲಿಂದಲೂ ಮಧ್ಯಾಹ್ನದ ಬಸ್ಸಿಗೇ ವಾಪಸ್ಸು. ಐದಾದ ಮೇಲೆ ಫೋನು ಬೀರುವಿನೊಳಗೆ.

ಮನೆಯವರಿಗೆ ಇದರಿಂದ ಎಷ್ಟು ಸುಖವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಐದು ಗಂಟೆಗೆ ಬಂದು ಕೈಕಾಲು ತೊಳೆದು, "ಬನ್ನಿ, ಎಲ್ಲರೂ ಕೂತು ಮಾತಾಡೋಣ" ಎನ್ನುತ್ತಿದ್ದೆ. ಹೊರಗೆ ಆಡುತ್ತಿದ್ದ ಚೈತ್ರ ಮುಖ ಊದಿಸಿಕೊಂಡು ಬಂದು, "ಅಪ್ಪಾ, ಅಟೆಂಡೆನ್ಸ್ ಕೂಗ್ತೀಯಾ?" ಎನ್ನುವಳು. ನನ್ನ ಹೆಂಡತಿ ಸುಮಿತ್ರಾ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ಕೂರುವಳು. "ಬೆಲ್ ಹೊಡೆದ ಕೂಡಲೆ ನಗ್ಬೇಕು ಅಂದ್ರೆ ನಂಗೆ ನಗು ಬರೂದಿಲ್ಲ ಮಾರಾಯ್ರೆ. ಒಲೆ ಮೇಲೆ ಹುಳಿ ಇದೆ, ಅದು ಕುದ್ದ ಮೇಲೆ ನಗ್ತೇನೆ" ಎಂದು ಎದ್ದು ಹೋಗುವಳು. ನನಗೆ ಸಿಟ್ಟು ಬರುತ್ತಿತ್ತು. ಇವರಿಗಾಗಿ ಇಷ್ಟೆಲ್ಲ ಜೋಡಿಸಿದ್ದೇನೆ, ಇವರಿಗೆ ಬೆಲೆ ಗೊತ್ತಿಲ್ಲ ಎಂದು.

ಈಗ ನೀವು ಕೇಳಬೇಕಾದ ಪ್ರಶ್ನೆಯೊಂದಿದೆ. ಕೋಚಿಂಗಿಗೆ ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ. ಶಾಲೆ ಬಿಡುವುದು ನಾಲ್ಕಕ್ಕೆ. ಸಂಜೆ ಐದಕ್ಕೆ ಮನೆಯಲ್ಲಿರುವ ಮಾಸ್ತರನ ಸೆಂಟರಿನಲ್ಲಿ ಸಂಜೆಯ ಪಾಠ ಮಾಡುವವರು ಯಾರು? ನನ್ನ ಮನೆಗೆ ಬಂದವರಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ಸುಮಿತ್ರಾ ಮಾತ್ರ ಕೇಳಿದ್ದಳು.

"ಹೊಸನಗರದಲ್ಲಿ ಸಂಜೆ ಬ್ಯಾಚ್ ಶುರುಮಾಡಿದ್ರಂತೆ. ಯಾರು ನೋಡ್ಕೊಳ್ಳೋದು?"

"ಯಶೋದಾ ಅಂತ ಒಬ್ಬಳು ಸಿಕ್ಕಿದ್ದಾಳೆ. ಒಳ್ಳೇ ಟೀಚರ್."

"ಅವಳಿಗೆ ಮನೆ ಇಲ್ವಾ?"

"ಇರದೆ ಎಂತ?" ಎಂದೆ. ಅವತ್ತಿನ ಮಾತು ಅಲ್ಲಿಗೆ ಮುಗಿಯಿತು.

ಯಶೋದಾಳ ತವರು ಆಗುಂಬೆ ರಸ್ತೆಯ ಮೇಗರವಳ್ಳಿ. ಗಂಡನಿಗೆ ಮಾಸ್ತಿಕಟ್ಟೆಯ ಹತ್ತಿರ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸ. ಇವತ್ತು ಹಗಲಾದರೆ ಮುಂದಿನ ವಾರ ರಾತ್ರಿ. ಹೊಸನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಕೆಲಸ ಕೇಳಲು ಬಂದವಳಿಗೆ ನಾನು ಒಂದು ಲೆಕ್ಕ ಕೊಟ್ಟೆ. ಮೂರು ಬಗೆಯಲ್ಲಿ ಬಿಡಿಸಿ ತೋರಿಸಿ, "ಮೂರನೇದು ನಂಗೆ ಇಷ್ಟ ಸರ್, ಆದ್ರೆ ಮಕ್ಕಳಿಗೆ ಮೊದಲನೇದೇ ಹೇಳ್ಬೇಕು" ಎಂದಳು. ನನಗೆ ಎರಡೇ ಗೊತ್ತಿದ್ದವು. ಪಾಠ ಮಾಡುವಾಗ ಅವಳದೊಂದು ಪದ್ಧತಿಯಿತ್ತು. ಹುಡುಗರು ಹಲಗೆಯ ಮೇಲೆ ತಪ್ಪು ಬರೆದರೆ ಒರೆಸುತ್ತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಕಾಲು ಎಲ್ಲಿ ಜಾರಿತು ಎಂದು ಉಳಿದವರಿಂದ ಹುಡುಕಿಸುತ್ತಿದ್ದಳು. ತಪ್ಪು ಮಾಡಿದವನೂ ಹುಡುಕಲು ಸೇರಿಕೊಳ್ಳುತ್ತಿದ್ದ. ಈ ವೃತ್ತಿಗೆ ಬರುವವರು ನನ್ನಿಂದ ಏನಾದರೂ ಕಲಿಯುವುದಿದ್ದರೆ ಅವಳ ಆ ಪದ್ಧತಿಯನ್ನು ಕಲಿಯಿರಿ.

ಅವಳಿಗೊಂದು ಮಗುವಿತ್ತು. ಸಿಂಚನಾ. ಕೆಲಸಕ್ಕೆ ಸೇರಿದಾಗ ಒಂದೂವರೆ ವರ್ಷದ್ದು. ಬೆಳಿಗ್ಗೆ ಏಳಕ್ಕೆ ಒಂದು ಬ್ಯಾಚು, ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಇನ್ನೊಂದು. ಗಂಡನ ಶಿಫ್ಟಿಗೆ ನೆಲೆಯಿಲ್ಲ. ಮಗುವನ್ನು ಮೇಗರವಳ್ಳಿಯಲ್ಲಿ ತಾಯಿಯ ಹತ್ತಿರ ಬಿಟ್ಟಳು. "ಸದ್ಯಕ್ಕೆ ಸರ್. ಒಂದು ದಾರಿ ಆಗೋವರೆಗೆ" ಎಂದಳು. ಭಾನುವಾರ ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಅದೂ ಎಲ್ಲ ಭಾನುವಾರ ಅಲ್ಲ. ವಾರ ಬಿಟ್ಟು ವಾರ ಭಾನುವಾರ ನಾನು ಮಾದರಿ ಪರೀಕ್ಷೆ ಇಟ್ಟಿದ್ದೆ. ಭಾನುವಾರ ನನ್ನ ಹಸಿರು ದಿನವಾದ್ದರಿಂದ ಪರೀಕ್ಷೆ ನೋಡಿಕೊಳ್ಳುವವಳು ಅವಳೇ.

ನನ್ನ ಹೆಸರು ಹಬ್ಬಿತು. "ಮನೆಗೆ ಮೊದಲು ಹೊತ್ತು ಕೊಟ್ಟು ಸಂಸ್ಥೆ ಕಟ್ಟಿದವರು" ಎಂದು ಸಮಾರಂಭಗಳಲ್ಲಿ ಕರೆದು ಶಾಲು ಹೊದೆಸಿದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕೋಚಿಂಗ್ ನಡೆಸುವವರಿಗೇ ಕೋಚಿಂಗ್ ಕೊಡಲು ಹೊರಟೆ. ತೀರ್ಥಹಳ್ಳಿಯಲ್ಲಿ ಒಂದು ಸಭಾಂಗಣ ಹಿಡಿದು ವರ್ಷಕ್ಕೆರಡು ಭಾನುವಾರ ಶಿಬಿರ; ಆ ಎರಡು ದಿನ ಮಾತ್ರ ನನ್ನ ಹಸಿರಿಗೆ ರಜೆ. ಅಲ್ಲಿ ನನ್ನ ಮಾತು ಕೇಳಬೇಕಿತ್ತು ನೀವು. "ಬದುಕಿಗೆ ತಕ್ಕ ಹಾಗೆ ಕೆಲಸ ಹೊಲಿಸಿಕೊಳ್ಳಿ, ಕೆಲಸಕ್ಕೆ ತಕ್ಕ ಹಾಗೆ ಬದುಕು ಕತ್ತರಿಸಬೇಡಿ" ಎನ್ನುತ್ತಿದ್ದೆ. ಜನ ಬರೆದುಕೊಳ್ಳುತ್ತಿದ್ದರು. ನಮ್ಮಜ್ಜಿ ಇದ್ದಿದ್ದರೆ, "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ನನಗೆ ಮಾತು ಕಲಿಸಿದವಳು ಅವಳು. ಎಲ್ಲಿ ಆಡಬಾರದು ಎಂಬುದನ್ನು ಕಲಿಸುವಷ್ಟರಲ್ಲಿ ಹೋಗಿಬಿಟ್ಟಳು.

ಒಂದು ಶಿಬಿರಕ್ಕೆ ಚಾರ್ಟ್, ಪೆನ್ಸಿಲ್ ಹಂಚಲು ಯಶೋದಾಳನ್ನು ಕರೆಸಿದ್ದೆ. ಅದು ಪರೀಕ್ಷೆ ಇಲ್ಲದ ಭಾನುವಾರ, ಅಂದರೆ ಅವಳು ಮಗುವಿನ ಹತ್ತಿರ ಹೋಗುವ ದಿನ. ನನಗೆ ಅದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆಯುವುದು ಸುಲಭ. ಯೋಚಿಸಲೇ ಇಲ್ಲ ಎಂದರೆ ಸರಿಯಾದೀತು.

ಬಂದ ಮೂವತ್ತು ಜನರಿಗೂ ವಾರದ ಚಾರ್ಟ್ ಕೊಟ್ಟು, "ಹೆಸರು ಬರೆಯಬೇಡಿ. ನಿಮ್ಮ ಕನಸಿನ ವಾರಕ್ಕೆ ಹಸಿರು ತುಂಬಿ" ಎಂದೆ. ಯಶೋದಾ ಗೋಡೆ ಪಕ್ಕ ನಿಂತಿದ್ದಳು. "ನೀನೂ ತುಂಬು, ಸುಮ್ನೆ ಯಾಕೆ ನಿಂತ್ಕೋತೀಯ" ಎಂದೆ. ಆಮೇಲೆ ಎಲ್ಲ ಒಟ್ಟುಮಾಡಿ, ನಡುವಿನಿಂದ ಒಂದನ್ನು ಎಳೆದು ಹಲಗೆಗೆ ಅಂಟಿಸಿದೆ.

"ಇಲ್ಲಿ ನೋಡಿ. ಸಂಜೆ ನಾಲ್ಕರಿಂದ ಏಳು, ಆರೂ ದಿನ ಹಸಿರು. ಭಾನುವಾರ ಪೂರ್ತಿ ಹಸಿರು. ಮಕ್ಕಳು ಬರೋ ಹೊತ್ತಿಗೇ ಇವರು ಮನೇಲಿ! ಇವರು ಕೋಚಿಂಗ್ ನಡೆಸೋರೋ, ಕದ ಹಾಕೋರೋ?"

ಸಭಾಂಗಣ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬರು, ಸ್ವಲ್ಪ ವಯಸ್ಸಾದವರು, ಕೈಯೆತ್ತಿದರು. "ಅಲ್ಲ ಸರ್, ನಿಮ್ದೂ ಸಂಜೆ ಹಸಿರೇ ಅಲ್ದಾ? ಈಗ ತಾನೆ ಹೇಳಿದ್ರಿ."

"ನನಗೆ ಟೀಮ್ ಇದೆ ಮಾರಾಯ್ರೆ!" ಎಂದೆ. ಚಪ್ಪಾಳೆ ಬಿತ್ತು. ಟೀಮ್ ಎಲ್ಲಿದೆ ಎಂದು ತೋರಿಸಲು ಯಶೋದಾಳ ಕಡೆ ಕೈ ಚಾಚಿದೆ. ಅವಳು ಬಗ್ಗಿ ಕುರ್ಚಿಗಳ ಕೆಳಗಿನಿಂದ ಪೆನ್ಸಿಲ್ ಹೆಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

ಚಾರ್ಟುಗಳನ್ನು ಸುರುಳಿ ಸುತ್ತುವಾಗ ಆ ಹಾಳೆ ಮತ್ತೆ ಕೈಗೆ ಬಂತು. ಅಂಚಿನಲ್ಲಿ ಗಂಟೆಗಳನ್ನು ಬರೆಯಲಾಗಿತ್ತು. ಏಳರ ಅಂಕಿಯ ನಡುವೆ ಒಂದು ಸಣ್ಣ ಅಡ್ಡಗೆರೆ. ನನ್ನ ಸೆಂಟರಿನಲ್ಲಿ ಏಳನ್ನು ಹಾಗೆ ಬರೆಯುತ್ತಿದ್ದವಳು ಒಬ್ಬಳೇ. ನಾನು ಏನು ಮಾಡಿದೆ ಗೊತ್ತೇ? ಅದನ್ನು ಎಲ್ಲಕ್ಕಿಂತ ಒಳಗೆ ಬರುವ ಹಾಗೆ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದೆ.

ಎರಡು ವಾರ ಕಳೆದಿರಬಹುದು. ಹೊಸನಗರದಲ್ಲಿ ನನ್ನ ಮಧ್ಯಾಹ್ನದ ಪಾಠ ಮುಗಿದು ಚೀಲ ಜೋಡಿಸಿಕೊಳ್ಳುತ್ತಿದ್ದೆ. ಯಶೋದಾ ಬಂದು ಬಾಗಿಲಲ್ಲಿ ನಿಂತಳು.

"ಸರ್, ಒಂದು ಮಾತು ಕೇಳ್ಲಾ? ಬಸ್ಸಿಗೆ ಹೊತ್ತಾಯ್ತೇನೋ."

"ಹೇಳು ಹೇಳು."

"ಜೂನಿಗೆ ಸಿಂಚನಾನ ಇಲ್ಲೇ ಎಲ್‌ಕೆಜಿಗೆ ಹಾಕೋಣ ಅಂತ. ಶಾಲೆ ಮೂರೂವರೆಗೆ ಬಿಡ್ತದೆ. ವಾರಕ್ಕೆ ಮೂರು ಸಂಜೆ ನೀವು ತಗೊಂಡ್ರೆ, ಉಳಿದ ಮೂರು ದಿನ ಇವರ ಶಿಫ್ಟ್ ನೋಡ್ಕೊಂಡು, ಪಕ್ಕದ ಮನೆಯವರಿಗೆ ಹೇಳ್ಕೊಂಡು ಹೆಂಗೋ ಮಾಡ್ತೀವಿ."

"ಮೂರು ಸಂಜೆಯಾ!"

"ಎರಡಾದ್ರೂ ಅಡ್ಡಿಲ್ಲ ಸರ್. ಮಂಗಳವಾರ, ಗುರುವಾರ ಹೆಂಗೂ ಇಲ್ಲಿಗೆ ಬಂದಿರ್ತೀರಲ್ಲ."

ಇಷ್ಟು ನ್ಯಾಯವಾದ ಮಾತನ್ನು ಕೇಳಿದಾಗ ಮನುಷ್ಯನಿಗೆ ಉತ್ತರ ಹೊಳೆಯದಿದ್ದರೆ ತತ್ವ ನೆನಪಾಗುತ್ತದೆ. "ನಿಂಗೆ ಗೊತ್ತಲ್ಲ ಯಶೋದಾ, ಸಂಜೆ ನಾನು ಮನೆಗೆ ಅಂತ ಕೊಟ್ಟಿದ್ದು. ಒಂದು ಸಲ ಸಡಿಲ ಮಾಡಿದ್ರೆ ಮುಗೀತು. ಜನರಿಗೆಲ್ಲ ಹೇಳ್ತೀನಿ, ನಾನೇ ತಪ್ಪಿದ್ರೆ ಹೆಂಗೆ?" ಎಂದೆ.

"ಹೌದು ಸರ್" ಎಂದಳು. ಕುಹಕವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಅಲ್ಲ, ಅಜ್ಜಿ ಹತ್ರ ಮಗು ಆರಾಮಾಗೇ ಇದೆಯಲ್ಲ?"

"ಆರಾಮಾಗೇ ಇದ್ದಾಳೆ ಸರ್. ನಂಗೆ ಅದೇ ಹೆದರಿಕೆ."

ಆ ಮಾತಿನ ಅರ್ಥ ನನಗೆ ಅಲ್ಲೇ ಆಗಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು. ಹೋದೆ. ಆ ಜೂನಿನಲ್ಲಿ ಸಿಂಚನಾ ಮೇಗರವಳ್ಳಿಯ ಅಂಗನವಾಡಿಯಲ್ಲೇ ಉಳಿದಳು.

ಮುಂದಿನ ಡಿಸೆಂಬರಿನ ಒಂದು ಭಾನುವಾರ ನಾವು ಮೂವರೂ ಕಾರಿನಲ್ಲಿ ಆಗುಂಬೆಗೆ ಹೋಗಿದ್ದೆವು. ಅಲ್ಲಿಂದ ಬರುವಾಗ ಮೇಗರವಳ್ಳಿ ಸಿಕ್ಕಿತು. "ಯಶೋದಾ ಇಲ್ಲೇ ಇರ್ತಾಳೆ ಇವತ್ತು, ಮಾತಾಡಿಸಿಕೊಂಡು ಹೋಗೋಣ" ಎಂದು ನಾನೇ ಕಾರು ತಿರುಗಿಸಿದೆ. ಅಂಗಡಿಯವರನ್ನು ಕೇಳಿ ಮನೆ ಹುಡುಕಿದ್ದಾಯಿತು.

ಯಶೋದಾಳ ತಾಯಿ ಅಂಗಳಕ್ಕೆ ಬಂದು, "ಬನ್ನಿ ಬನ್ನಿ, ಇವಳ ಅನ್ನದಾತರು ಬಂದ್ರು" ಎಂದು ಸಂಭ್ರಮ ಮಾಡಿದರು. ಬೆಲ್ಲ, ನೀರು, ಆಮೇಲೆ ಕೊಟ್ಟೆ ಕಡುಬು. ಜಗಲಿಯ ಮೂಲೆಯಲ್ಲಿ ಯಶೋದಾ ಮಗುವನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧ ಆಗಿತ್ತು. ನಮ್ಮನ್ನು ಕಂಡು ಎದ್ದು ನಿಂತಳು. ಮಗು ಅರ್ಧ ಜಡೆಯಲ್ಲೇ ಓಡಿ ಅಜ್ಜಿಯ ಸೆರಗಿನ ಹಿಂದೆ ನಿಂತಿತು.

ಅರ್ಧ ಗಂಟೆ ಕೂತೆವು. ಹೊರಡುವಾಗ ನನಗೆ ಉಪಕಾರ ಮಾಡುವ ಬುದ್ಧಿ ಬಂತು. "ನೀನೂ ಬಾ ಯಶೋದಾ, ಹೊಸನಗರಕ್ಕೆ ಬಿಟ್ಟೇ ಹೋಗ್ತೀವಿ. ಎರಡು ಬಸ್ ಹತ್ತಿ ಇಳಿಯೋದು ತಪ್ತದೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಮೂರು ಗಂಟೆ. ಒಂದು ಸಲ ಮಗುವನ್ನು ನೋಡಿದಳು. ಮಾಲೀಕ ಮನೆ ಬಾಗಿಲಿಗೆ ಕಾರು ತಂದು ಕರೆದಾಗ ಬೇಡ ಎನ್ನುವುದು ಹೇಗೆ? "ಬರ್ತೀನಿ ಸರ್, ಎರಡು ನಿಮಿಷ" ಎಂದು ಒಳಗೆ ಹೋಗಿ ಚೀಲ ತಂದಳು.

ಆಗ ಮಗು ಅಜ್ಜಿಯ ಸೆರಗು ಎಳೆದು ಕೇಳಿತು. "ಅಮ್ಮಾ, ಟೀಚರ್ ಇವತ್ತು ಬೇಗ ಹೊರಟ್ರಾ?"

ಅಮ್ಮಾ ಎಂದದ್ದು ಅಜ್ಜಿಗೆ. ಟೀಚರ್ ಎಂದದ್ದು ಹೆತ್ತವಳಿಗೆ.

ಯಶೋದಾ ನಕ್ಕಳು. "ಊರೆಲ್ಲ ಹಂಗೇ ಕರೀತಾರಲ್ಲ ಸರ್, ಇವಳೂ ಕಲ್ತಿದ್ದಾಳೆ" ಎಂದು ನಮಗೇ ಸಮಾಧಾನ ಹೇಳಿದಳು. ಅಜ್ಜಿ ಮಗುವಿನ ತಲೆಗೆ ಮೊಟಕಿ, "ಅಮ್ಮ ಅನ್ನಬೇಕು ಅಂತ ಎಷ್ಟು ಸಲ ಹೇಳಾದು ನಿಂಗೆ" ಎಂದರು. ಮೊಟಕಿಸಿಕೊಂಡು ಮಗು ಇನ್ನೂ ಬಿಗಿಯಾಗಿ ಅವರನ್ನೇ ಹಿಡಿದುಕೊಂಡಿತು.

ಕಾರಿನಲ್ಲಿ ನಾನು ಮಾತಾಡುತ್ತಲೇ ಇದ್ದೆ. ಅರ್ಧವಾರ್ಷಿಕ ಪರೀಕ್ಷೆ, ಹೊಸ ಪಠ್ಯ, ಏನೇನೋ. ಹೊಸನಗರದಲ್ಲಿ ಯಶೋದಾ ಇಳಿದು ಕಣ್ಮರೆಯಾದ ಮೇಲೆ ಸುಮಿತ್ರಾ ಬಾಯಿ ತೆಗೆದಳು.

"ಅವಳ ಬಸ್ ನಾಲ್ಕೂವರೆಗಿತ್ತಂತೆ. ಅಜ್ಜಿ ಹೇಳಿದ್ರು."

"ಹೌದು, ಅದಕ್ಕೇ ಕರ್ಕೊಂಡು ಬಂದೆ. ಬೇಗ ಮುಟ್ಟಿದ್ಲಲ್ಲ."

"ಹದಿನೈದು ದಿನಕ್ಕೊಂದು ಸಲ ಮಗುನ ನೋಡೋಳಿಗೆ ಬೇಗ ಮುಟ್ಟಿ ಎಂತ ಆಗ್ಬೇಕು? ಒಂದೂವರೆ ಗಂಟೆ ಕಿತ್ಕೊಂಡು ಬಂದ್ರಿ. ಆ ಮಗುವಿನ ಜಡೆ ಆದ್ರೂ ಮುಗಿಸೋಕೆ ಬಿಡ್ಬೇಕಿತ್ತು."

ಹಿಂದಿನ ಸೀಟಿನಲ್ಲಿದ್ದ ಚೈತ್ರ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಗ ಅವಳಿಗೆ ಎಲ್ಲ ತಿಳಿಯುವ ವಯಸ್ಸು.

ಸುಮಿತ್ರಾ ಮತ್ತೆ ಹೇಳಿದಳು. "ನಾಳೆಯಿಂದ ಸಂಜೆ ನೀವು ಹೊಸನಗರಕ್ಕೆ ಹೋಗಿ. ನಮಗೆಂತ ತೊಂದರೆ ಇಲ್ಲ. ಖರೆ ಹೇಳ್ಬೇಕಂದ್ರೆ ಚೈತ್ರಂಗೂ ಒಂಚೂರು ಉಸಿರಾಡೋಕೆ ಆಗ್ತದೆ."

ಇದಕ್ಕಿಂತ ದೊಡ್ಡ ಅನುಮತಿ ಬೇಕಿತ್ತೇ? ಯಾರಿಗಾಗಿ ಸಂಜೆ ಮೀಸಲಿಟ್ಟೆನೋ ಅವರೇ ಬೇಡ ಎಂದಿದ್ದರು. ಆದರೂ ನಾನು ಹೋಗಲಿಲ್ಲ. ನನಗೆ ಅವಮಾನವಾಗಿದೆ, ಮನೆಯವರಿಗೆ ನನ್ನ ಬೆಲೆ ಗೊತ್ತಿಲ್ಲ ಎಂದು ಒಂದು ವಾರ ಮುನಿಸಿಕೊಂಡಿದ್ದೆ.

ಮುನಿಸೂ ಸುಳ್ಳೇ. ನಿಜವಾದ ಕಾರಣವನ್ನು ಇಷ್ಟು ವರ್ಷ ಸುಮಿತ್ರಾಳಿಗೂ ಹೇಳಿಲ್ಲ. ಹಿಂದೊಮ್ಮೆ ಯಶೋದಾಳಿಗೆ ಜ್ವರ ಬಂದಾಗ ಎರಡು ಸಂಜೆ ನಾನೇ ಹೋಗಿ ಪಾಠ ಮಾಡಿದ್ದೆ. ಮೊದಲ ದಿನ ಒಬ್ಬ ಹುಡುಗಿ ಹಲಗೆಯ ಮೇಲೆ ತಪ್ಪು ಬರೆದಳು. ನಾನು ಅಭ್ಯಾಸಬಲದಿಂದ ಒರೆಸಿಬಿಟ್ಟೆ. "ಟೀಚರ್ ಒರೆಸಲ್ಲ ಸರ್" ಎಂದಳು ಅವಳು. ಎರಡನೇ ದಿನ ಅರ್ಧ ತರಗತಿ ಬರಲೇ ಇಲ್ಲ. ಬಂದವರು, "ಟೀಚರ್ ಯಾವಾಗ ಬರ್ತಾರೆ ಸರ್?" ಎಂದು ಮೂರು ಸಲ ಕೇಳಿದರು. ಶಾಲೆ ಮುಗಿಸಿ ದಣಿದು ಬಂದ ಮಕ್ಕಳನ್ನು ಎರಡೂವರೆ ಗಂಟೆ ಎಚ್ಚರವಾಗಿಡುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತು. ಆ ಕೋಣೆಗೆ ಸಂಜೆ ಹೋಗಲು ನನಗೆ ಹೆದರಿಕೆ. ಸಂಸ್ಥೆಯ ಮೇಲೆ ನನ್ನ ಹೆಸರಿತ್ತು. ಮಕ್ಕಳ ಬಾಯಲ್ಲಿ ಅವಳ ಹೆಸರಿತ್ತು. ಕುಟುಂಬ, ತತ್ವ, ಹಸಿರು ಎಲ್ಲವೂ ಆ ಹೆದರಿಕೆಗೆ ಹೊದೆಸಿದ ಶಾಲು.

ಹೊಸದಾಗಿ ಸೆಂಟರ್ ತೆರೆಯುವವರಿಗೆ ಇದೊಂದು ಮಾತು. ನಿಮ್ಮ ವಾರದ ಚಾರ್ಟು ಮುಗಿದ ಮೇಲೆ, ನೀವು ಮನೆಯಲ್ಲಿರುವ ಹೊತ್ತಿನಲ್ಲಿ ನಿಮ್ಮ ಹಲಗೆಯ ಮುಂದೆ ಯಾರು ನಿಂತಿರುತ್ತಾರೋ ಅವರ ಚಾರ್ಟನ್ನೂ ಪಕ್ಕದಲ್ಲಿಟ್ಟು ನೋಡಿ. ನಾನು ಅದನ್ನು ನೋಡಿ, ಸುತ್ತಿ ಇಟ್ಟವನು.

ಯಶೋದಾ ಇನ್ನೂ ನಾಲ್ಕು ವರ್ಷ ಇದ್ದಳು. ಮತ್ತೆಂದೂ ಸಂಜೆಯ ಮಾತು ಎತ್ತಲಿಲ್ಲ. ಸಿಂಚನಾಳಿಗೆ ಒಂಬತ್ತು ವರ್ಷವಾದಾಗ ಕೆಲಸ ಬಿಟ್ಟಳು. ಒಂದು ತಿಂಗಳು ಮೊದಲೇ ಹೇಳಿ, ತನ್ನ ಜಾಗಕ್ಕೆ ಬಂದ ಹುಡುಗನಿಗೆ ಎಲ್ಲ ಕಲಿಸಿಕೊಟ್ಟು, ಕೀಲಿಕೈ ನನ್ನ ಮೇಜಿನ ಮೇಲಿಟ್ಟಳು. "ತೀರ್ಥಹಳ್ಳಿಯಲ್ಲಿ ಮನೆ ಮಾಡಿದೀವಿ ಸರ್. ಮಗು ಜೊತೆಗಿರ್ತಾಳೆ ಇನ್ನು" ಎಂದಳು. ನಾನು ಪುಷ್ಪಗುಚ್ಛ ಕೊಟ್ಟು ಫೋಟೋ ತೆಗೆಸಿದೆ.

ಅವಳು ಹೋದ ಮೇಲೆ ಹೊಸನಗರದ ಸಂಜೆ ಬ್ಯಾಚು ಕರಗಿತು. "ಕಾಂಪಿಟಿಷನ್ ಜಾಸ್ತಿ ಆಯ್ತು" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅಷ್ಟರಲ್ಲಿ ಫೋನಿನಲ್ಲಿ ಪಾಠ ಮಾಡುವ ಕಾಲ ಬಂತು. ನನಗೆ ಖುಷಿಯೋ ಖುಷಿ. ಬೆಳಿಗ್ಗೆ ರೆಕಾರ್ಡ್ ಮಾಡಿ ಹಾಕಿದರೆ ಸಂಜೆ ಮಕ್ಕಳು ನೋಡಿಕೊಳ್ಳುತ್ತವೆ, ಇನ್ನು ಯಾರ ಸಂಜೆಯೂ ಬೇಡ ಎಂದುಕೊಂಡೆ. ಮಕ್ಕಳು ವೇಗ ಹೆಚ್ಚಿಸಿಕೊಂಡು ನೋಡಿ, "ಸರ್ ಧ್ವನಿ ಇಲಿ ಕೂಗಿದಂಗೆ ಕೇಳ್ತದೆ" ಎಂದು ನಕ್ಕವಂತೆ. ಕಂಠ ಸರಿಯಿಲ್ಲ, ವಯಸ್ಸಾಯಿತು ಎಂದು ಒಂದೊಂದೇ ಊರಿನ ಬಾಗಿಲು ಮುಚ್ಚುತ್ತ ಬಂದೆ. ನಿವೃತ್ತಿ ಎಂದು ಕರೆದುಕೊಂಡೆ.

ಕಳೆದ ತಿಂಗಳು ತೀರ್ಥಹಳ್ಳಿಗೆ ಹೋದೆ. ಬೇರೆ ಕೆಲಸವಿತ್ತು ಎಂದು ಹೇಳಿಕೊಳ್ಳಬಹುದು. ಇರಲಿಲ್ಲ. ಯಶೋದಾಳ ಸೆಂಟರ್ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಒಂದೇ ಕೋಣೆ, ಇಪ್ಪತ್ತು ಕುರ್ಚಿ. ಬೆಳಿಗ್ಗೆ ಎಂಟರ ಹೊತ್ತು. ಒಂದು ಬ್ಯಾಚು ಎದ್ದು ಮನೆಗೆ ಓಡುತ್ತಿತ್ತು. ಹಲಗೆಯ ತುಂಬ ಲೆಕ್ಕ. ಅವಳ ಕೂದಲಲ್ಲಿ ಬಿಳಿ ಕಾಣಿಸುತ್ತಿತ್ತು.

"ಸರ್! ಎಷ್ಟು ವರ್ಷ ಆಯ್ತು! ಹೇಳಿದ್ರೆ ಬಸ್‌ಸ್ಟ್ಯಾಂಡಿಗೇ ಬರ್ತಿದ್ನಲ್ಲ" ಎಂದು ಕುರ್ಚಿ ಎಳೆದಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಸುಮಿತ್ರಾ, ಚೈತ್ರ ಇಬ್ಬರ ಆರೋಗ್ಯ ಕೇಳಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು.

"ಯಶೋದಾ, ನಾನೀಗ ಖಾಲಿ ಕೂತಿದ್ದೀನಿ. ನಿನ್ನ ಸಂಜೆ ಬ್ಯಾಚ್ ನಾನು ತಗೊಳ್ಳಲಾ? ದುಡ್ಡು ಗಿಡ್ಡು ಎಂತದೂ ಬೇಡ. ನೀನು ಮನೆಗೆ ಹೋಗು."

ಅವಳು ನನ್ನನ್ನೇ ನೋಡಿದಳು. "ಸಂಜೆ ಬ್ಯಾಚ್ ಇಲ್ಲ ಸರ್ ಇಲ್ಲಿ. ಮೊದಲಿಂದಾನೂ ಇಲ್ಲ. ಬೆಳಿಗ್ಗೆ ಎರಡು, ಅಷ್ಟೇ."

"ನಡೀತದಾ?"

"ಅಷ್ಟಕ್ಕಷ್ಟೇ. ಸಂಜೆ ಬೇಕು ಅನ್ನೋರು ಬೇರೆ ಕಡೆ ಹೋಗ್ತಾರೆ. ಹೋಗ್ಲಿ."

"ಸಿಂಚನಾ?"

"ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಹೋದ್ಲು ಸರ್, ಪಿಯುಸಿಗೆ. ಚೆನ್ನಾಗಿ ಓದ್ತಾಳೆ." ಲೋಟ ತಿರುಗಿಸುತ್ತ ಹೇಳಿದಳು. "ಇಲ್ಲಿಗೆ ಬಂದಾಗ ದಿನಾ ನಾಲ್ಕು ಗಂಟೆಗೆ ತಿಂಡಿ ಮಾಡಿಟ್ಕೊಂಡು ಕಾಯ್ತಿದ್ದೆ. ಬರೋಳು, ತಿನ್ನೋಳು, ಅಜ್ಜಿಗೆ ಫೋನ್ ಹಚ್ಚಿ ಒಳಗೆ ಹೋಗೋಳು. ಶಾಲೆಯಲ್ಲಿ ಎಂತ ಆಯ್ತು ಅನ್ನೋದೆಲ್ಲ ಅಜ್ಜಿಗೆ. ನಾನು ಬಾಗಿಲ ಹೊರಗೆ ನಿಂತು ಕೇಳಿಸ್ಕೊಳ್ತಿದ್ದೆ. ನಂಗೂ ಗೊತ್ತಾಗ್ಬೇಕಲ್ಲ."

ಕೇಳಬಾರದಿತ್ತು. ಕೇಳಿದೆ. "ಈಗ ಅಮ್ಮ ಅಂತ ಕರೀತಾಳಾ?"

"ಕರೀತಾಳೆ ಸರ್. ಒಂದು ಗಳಿಗೆ ಯೋಚ್ನೆ ಮಾಡಿ, ಆಮೇಲೆ ಕರೀತಾಳೆ."

ಮೆಟ್ಟಿಲಲ್ಲಿ ಮುಂದಿನ ಬ್ಯಾಚಿನವರ ಚಪ್ಪಲಿ ಸದ್ದು ಕೇಳಿಸಿತು. ಅವರು ಒಳಗೆ ಬರುವ ಮೊದಲೇ ಹೇಳಿಬಿಡಬೇಕೆಂದು ಎದ್ದು ನಿಂತೆ. "ನನ್ನಿಂದ ತಪ್ಪಾಯ್ತು ಯಶೋದಾ. ಅವತ್ತು ನೀನು ಎರಡು ಸಂಜೆ ಕೇಳಿದ್ದೆ. ಕೊಡಬಹುದಿತ್ತು. ಕೊಡಲಿಲ್ಲ."

ನಮ್ಮ ಕಡೆ ಇಂಥ ಮಾತಿಗೆ ಸಿದ್ಧವಾದ ಉತ್ತರವೊಂದಿದೆ. ಹಿರಿಯರು ಬಂದು ತಪ್ಪಾಯ್ತು ಎಂದರೆ, "ಅಯ್ಯೋ ಬಿಡಿ, ಅದೆಲ್ಲ ಎಂತಕ್ಕೆ ಈಗ, ಕಾಫಿ ಕುಡೀರಿ" ಎನ್ನಬೇಕು. ಆ ಮಾತನ್ನು ಕೇಳಿಸಿಕೊಂಡು, ಭಾರ ಇಳಿಸಿಕೊಂಡು, ಹಗುರಾಗಿ ಬಸ್ಸು ಹತ್ತಬಹುದೆಂದೇ ನಾನು ಅಷ್ಟು ದೂರ ಹೋಗಿದ್ದು. ಈಗ ಬರೆಯುವಾಗ ಅದೂ ಗೊತ್ತಾಗುತ್ತಿದೆ.

ಯಶೋದಾ ಆ ಮಾತು ಆಡಲಿಲ್ಲ. ಮಕ್ಕಳಿಗೆ ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿ, ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದಳು.

"ಹೌದು ಸರ್. ತಪ್ಪಾಯ್ತು."